ಮನೆಗೊಂದು ಪ್ರಿಂಟರ್: ಎಷ್ಟು ಪುಟ ಎನ್ನುವುದಕ್ಕಿಂತ ಎಷ್ಟು ದಿನಕ್ಕೊಮ್ಮೆ

ಲ್ಯಾಪ್‌ಟಾಪಿಗೆ ಪ್ರಿಂಟರ್ ಬೇಕು ಎಂದು ಅಂಗಡಿಗೆ ಹೋದರೆ ಮೊದಲು ಎದುರಾಗುವ ಪ್ರಶ್ನೆ, ‘ತಿಂಗಳಿಗೆ ಎಷ್ಟು ಪುಟ ತೆಗೀತೀರಿ?’ ಕೇಳಬೇಕಾದ ಪ್ರಶ್ನೆಯೇ. ಆದರೆ ಮನೆಯ ಮಟ್ಟಿಗೆ ಅದಕ್ಕಿಂತ ಹೆಚ್ಚು ತೂಕದ ಪ್ರಶ್ನೆ ಇನ್ನೊಂದಿದೆ: ಒಂದು ಸಲ ಪ್ರಿಂಟ್ ತೆಗೆದ ಮೇಲೆ ಮುಂದಿನ ಸಲಕ್ಕೆ ಎಷ್ಟು ದಿನ ಹಿಡಿಯುತ್ತದೆ? ತಿಂಗಳಿಗೆ ನಲವತ್ತು ಪುಟವನ್ನು ವಾರಕ್ಕೆ ಹತ್ತರಂತೆ ತೆಗೆಯುವ ಮನೆಗೂ, ಎರಡು ತಿಂಗಳು ಮುಟ್ಟದೆ ಒಂದೇ ದಿನ ಎಂಬತ್ತು ತೆಗೆಯುವ ಮನೆಗೂ ಲೆಕ್ಕ ಒಂದೇ, ಬೇಕಾದ ಯಂತ್ರ ಬೇರೆ.

ಇಂಕ್‌ಜೆಟ್‌ನ ಹೆಡ್ಡಿನಲ್ಲಿ, ಅಂದರೆ ಕಾಗದದ ಮೇಲೆ ಶಾಯಿ ಸಿಂಪಡಿಸುವ ಭಾಗದಲ್ಲಿ, ಇರುವ ರಂಧ್ರಗಳು ತಲೆಗೂದಲಿಗಿಂತ ಸಣ್ಣವು. ಶಾಯಿಯ ಬಹುಭಾಗ ನೀರು. ಯಂತ್ರ ಸುಮ್ಮನೆ ಕೂತಷ್ಟು ದಿನ ಆ ನೀರು ಆರುತ್ತಾ ಹೋಗಿ ರಂಧ್ರದ ಬಾಯಲ್ಲಿ ಶಾಯಿ ಗಟ್ಟಿಯಾಗುತ್ತದೆ. ರಾಯಚೂರು, ಕಲಬುರಗಿ, ವಿಜಯಪುರದ ಏಪ್ರಿಲ್-ಮೇ ತಿಂಗಳ ಒಣಗಾಳಿಯಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಲೇಸರ್‌ನಲ್ಲಿ ಶಾಯಿಯೇ ಇಲ್ಲ, ಇರುವುದು ಟೋನರ್ ಎಂಬ ಒಣ ಪುಡಿ. ಆರು ತಿಂಗಳು ಮುಟ್ಟದಿದ್ದರೂ ಅದಕ್ಕೆ ಏನೂ ಆಗುವುದಿಲ್ಲ.

ಹಾಗಾಗಿ ಎರಡು ಪ್ರಿಂಟುಗಳ ನಡುವೆ ಮೂರು ವಾರಕ್ಕಿಂತ ಹೆಚ್ಚು ಬಿಡುವು ಬೀಳುವ ಮನೆಗೆ ಕಪ್ಪು-ಬಿಳುಪು ಲೇಸರ್ ಕೊಳ್ಳಿ ಎಂದೇ ಹೇಳುತ್ತೇನೆ. ಅಪರೂಪಕ್ಕೆ ಬಣ್ಣ ಬೇಕಾದರೆ ಹತ್ತಿರದ ಜೆರಾಕ್ಸ್ ಅಂಗಡಿ ಇದ್ದೇ ಇದೆ. ಶಾಲೆಗೆ ಹೋಗುವ ಮಕ್ಕಳಿದ್ದು ವಾರಕ್ಕೊಮ್ಮೆಯಾದರೂ ಚಾರ್ಟು, ಪ್ರಾಜೆಕ್ಟು, ನಕ್ಷೆ ಎಂದು ಬಣ್ಣದ ಪುಟ ಬೇಕಾಗುವ ಮನೆಗೆ ಇಂಕ್ ಟ್ಯಾಂಕ್, ಅಂದರೆ ಬಾಟಲಿಯಿಂದ ಶಾಯಿ ತುಂಬಿಸುವ ಇಂಕ್‌ಜೆಟ್, ಸರಿ. ಸಣ್ಣ ಕಾರ್ಟ್ರಿಡ್ಜ್ ಹಾಕುವ ಅಗ್ಗದ ಯಂತ್ರ ಮಾತ್ರ ಯಾರಿಗೂ ಬೇಡ. ಕಾರಣ ಲೆಕ್ಕದಲ್ಲಿದೆ.

ಸಣ್ಣ ಕಾರ್ಟ್ರಿಡ್ಜ್ ಒಂದರಲ್ಲಿ ಸಿಗುವುದು 100ರಿಂದ 200 ಪುಟ. 800 ರೂಪಾಯಿಯ ಕಾರ್ಟ್ರಿಡ್ಜ್ 160 ಪುಟ ಕೊಟ್ಟರೆ ಪುಟಕ್ಕೆ 5 ರೂಪಾಯಿ. ಎಪ್ಸನ್ ಎಲ್3250ಕ್ಕೆ ಬಳಸುವ 003 ಕಪ್ಪು ಬಾಟಲಿಯಲ್ಲಿ 65 ಮಿ.ಲೀ. ಶಾಯಿ ಇದ್ದು, ಕಂಪನಿ ಹೇಳುವ ಲೆಕ್ಕ 4500 ಪುಟ. ಕ್ಯಾನನ್ ಜಿ2010ರ ಕಪ್ಪು ಬಾಟಲಿ 135 ಮಿ.ಲೀ., 6000 ಪುಟ. ಬಾಟಲಿಗೆ 400 ರೂಪಾಯಿ ಎಂದಿಟ್ಟುಕೊಂಡು 4500ರಿಂದ ಭಾಗಿಸಿದರೆ ಪುಟಕ್ಕೆ 9 ಪೈಸೆಯೂ ಆಗುವುದಿಲ್ಲ. 500 ಹಾಳೆಯ ರೀಮ್‌ಗೆ 300 ರೂಪಾಯಿ ಕೊಟ್ಟರೆ ಹಾಳೆಯೊಂದಕ್ಕೇ 60 ಪೈಸೆ. ಟ್ಯಾಂಕ್ ಯಂತ್ರದಲ್ಲಿ ಶಾಯಿಗಿಂತ ಕಾಗದದ ಖರ್ಚೇ ಹೆಚ್ಚು. ಇಲ್ಲಿ ಉಳಿತಾಯ ಆಗುವುದು ಶಾಯಿ ಕಡಿಮೆ ಬಳಸುವ ಡ್ರಾಫ್ಟ್ ಮೋಡ್‌ನಿಂದಲ್ಲ, ಹಾಳೆಯ ಎರಡೂ ಬದಿ ಬಳಸುವುದರಿಂದ.

ಕಂಪನಿಯ ಪುಟದ ಲೆಕ್ಕವನ್ನು ಓದುವಾಗ ಒಂದು ಎಚ್ಚರ ಇರಲಿ. ಇಂಕ್‌ಜೆಟ್‌ಗೆ ಐಎಸ್‌ಒ/ಐಇಸಿ 24712ರ ಮಾದರಿ ಪುಟಗಳನ್ನೂ, ಕಪ್ಪು ಲೇಸರ್‌ಗೆ ಐಎಸ್‌ಒ/ಐಇಸಿ 19752 ವಿಧಾನವನ್ನೂ ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಇವು ನಿಲ್ಲಿಸದೆ ಒಂದರ ಹಿಂದೊಂದು ತೆಗೆದ ಪುಟಗಳ ಲೆಕ್ಕ. ದಿನಕ್ಕೆರಡು ಪುಟ ತೆಗೆದು ಆರಿಸುವ ಮನೆಯಲ್ಲಿ ಹೆಡ್ ಶುದ್ಧಿಗೂ ಶಾಯಿ ಹೋಗುವುದರಿಂದ ಅಷ್ಟು ಪುಟ ಬರುವುದಿಲ್ಲ. ಪೆಟ್ಟಿಗೆಯ ಜೊತೆ ಬಂದ ಮೊದಲ ಬಾಟಲಿಗಳಲ್ಲಿ ಒಂದಷ್ಟು ಶಾಯಿ ಒಳಗಿನ ಕೊಳವೆಗಳನ್ನು ತುಂಬುವುದಕ್ಕೇ ಬೇಕು. ಲೇಸರ್ ಜೊತೆ ಬರುವ ಟೋನರ್ ಕೂಡ ಎಷ್ಟೋ ಮಾದರಿಗಳಲ್ಲಿ ಪೂರ್ತಿ ತುಂಬಿದ್ದಲ್ಲ, ‘ಸ್ಟಾರ್ಟರ್’. ಎಷ್ಟು ಪುಟದ್ದು ಎಂದು ಕೇಳಿಯೇ ದುಡ್ಡು ಕೊಡಿ. ಬ್ರದರ್‌ನಂತಹ ಕೆಲವು ಲೇಸರ್‌ಗಳಲ್ಲಿ ಟೋನರ್ ಬೇರೆ, ಪುಡಿಯನ್ನು ಹಾಳೆಗೆ ದಾಟಿಸುವ ಡ್ರಮ್ ಬೇರೆ. ಡ್ರಮ್ ಸಾಮಾನ್ಯವಾಗಿ 12,000 ಪುಟದ ಆಸುಪಾಸಿನಲ್ಲಿ ಬದಲಿಸಬೇಕಾಗುತ್ತದೆ, ಅದರ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿ.

ಕಪ್ಪು ಶಾಯಿಯಲ್ಲೂ ಎರಡು ಬಗೆ. ಡೈ ಶಾಯಿಯಲ್ಲಿ ಬಣ್ಣ ನೀರಿನಲ್ಲಿ ಕರಗಿರುತ್ತದೆ, ಪಿಗ್ಮೆಂಟ್‌ನಲ್ಲಿ ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ. ಕ್ಯಾನನ್ ಜಿ ಸರಣಿ, ಎಚ್‌ಪಿ ಸ್ಮಾರ್ಟ್ ಟ್ಯಾಂಕ್, ಬ್ರದರ್ ಟಿ ಸರಣಿಯ ಮನೆಬಳಕೆಯ ಯಂತ್ರಗಳಲ್ಲಿ ಕಪ್ಪು ಪಿಗ್ಮೆಂಟ್, ಉಳಿದ ಬಣ್ಣಗಳು ಡೈ. ಎಪ್ಸನ್ ಎಲ್3250ರ 003 ಶಾಯಿ ನಾಲ್ಕೂ ಡೈ. ಮಳೆಗಾಲದಲ್ಲಿ ಹಾಲ್ ಟಿಕೆಟ್ ಹಿಡಿದು ಬಸ್ಸು ಇಳಿಯುವ ಹುಡುಗಿಗೆ ಈ ವ್ಯತ್ಯಾಸ ದೊಡ್ಡದು. ಡೈ ಅಕ್ಷರದ ಮೇಲೆ ನೀರು ಬಿದ್ದರೆ ಹರಡಿಕೊಳ್ಳುತ್ತದೆ, ಪಿಗ್ಮೆಂಟ್ ಬಹುಮಟ್ಟಿಗೆ ತಡೆದುಕೊಳ್ಳುತ್ತದೆ, ಲೇಸರ್ ಅಕ್ಷರ ಅಲ್ಲಾಡುವುದಿಲ್ಲ. ಗ್ಲಾಸಿ ಕಾಗದದ ಫೋಟೋಗೆ ಮಾತ್ರ ಡೈ ಚೆನ್ನ. 35×45 ಮಿ.ಮೀ. ಪಾಸ್‌ಪೋರ್ಟ್ ಫೋಟೋಗಳನ್ನು ಅಡ್ಡ ತಿರುಗಿಸಿ ಜೋಡಿಸಿದರೆ 4×6 ಇಂಚಿನ ಹಾಳೆಯಲ್ಲಿ ಎಂಟು ಕೂರುತ್ತವೆ. ಇಂಕ್‌ಜೆಟ್‌ನ ಫೋಟೋ ಕಾಗದವನ್ನು ಲೇಸರ್‌ಗೆ ಹಾಕಲೇಬೇಡಿ. ಟೋನರ್ ಪುಡಿಯನ್ನು ಕರಗಿಸಿ ಹಾಳೆಗೆ ಅಂಟಿಸುವ ಒಳಗಿನ ಫ್ಯೂಸರ್ ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಕಾಗದದ ಲೇಪ ಕರಗಿ ರೋಲರ್‌ಗೆ ಅಂಟಿದರೆ ಫ್ಯೂಸರ್ ಬದಲಿಸುವ ತನಕ ಹೋಗಬಹುದು.

ಅದೇ ಫ್ಯೂಸರ್‌ನಿಂದ ಇನ್ನೊಂದು ತೊಂದರೆ. ಅದು ಬಿಸಿಯಾಗುವ ಕೆಲವು ಸೆಕೆಂಡು ಲೇಸರ್ 800-1000 ವ್ಯಾಟ್ ಎಳೆಯಬಹುದು. 600 ವಿಎ ಯುಪಿಎಸ್‌ಗೆ ಚುಚ್ಚಿದರೆ ಅದು ಕಿರುಚಿ ಆರುತ್ತದೆ, ಮನೆಯ ಸಣ್ಣ ಇನ್ವರ್ಟರ್ ಓವರ್‌ಲೋಡ್ ತೋರಿಸುತ್ತದೆ. ಲೇಸರನ್ನು ನೇರ ಗೋಡೆಯ ಸಾಕೆಟ್‌ಗೇ ಕೊಡಿ, ಸ್ಪೈಕ್ ಗಾರ್ಡ್ ಇದ್ದರೆ ಒಳ್ಳೆಯದು. ಇಂಕ್ ಟ್ಯಾಂಕ್ ಯಂತ್ರಗಳು ಪ್ರಿಂಟ್ ಆಗುವಾಗಲೂ ಹೆಚ್ಚೆಂದರೆ 15-20 ವ್ಯಾಟ್ ಬಳಸುತ್ತವೆ. ಪದೇ ಪದೇ ಕರೆಂಟ್ ಹೋಗುವ ಊರಲ್ಲಿ ಇದೂ ಒಂದು ಲೆಕ್ಕ.

ಹಾಳೆ ಎಲ್ಲಿಂದ ಒಳಗೆ ಹೋಗುತ್ತದೆ ಎಂದು ಅಂಗಡಿಯಲ್ಲೇ ನೋಡಿ. ಮುಂದಿನ ಟ್ರೇಯಿಂದ ಎಳೆಯುವ ಯಂತ್ರದಲ್ಲಿ ಹಾಳೆ ಪೂರ್ತಿ ಹಿಂದುಮುಂದಾಗಿ ಬಾಗಿ ಬರುತ್ತದೆ. ಹಿಂದಿನಿಂದ ಹಾಕುವ ಯಂತ್ರದಲ್ಲಿ ಹೆಚ್ಚು ಬಾಗುವುದಿಲ್ಲ. ಮಡಚಿದ ಛಾಪಾ ಕಾಗದದ ಮೇಲೆ ಬಾಡಿಗೆ ಕರಾರು ಪ್ರಿಂಟ್ ಮಾಡುವವರಿಗೆ, ಲಗ್ನಪತ್ರಿಕೆಯ ದಪ್ಪ ಕಾಗದ ಹಾಕುವವರಿಗೆ ಹಿಂದಿನ ದಾರಿಯೇ ವಾಸಿ. ಮಡಿಕೆಯ ಗುರುತನ್ನು ಮೊದಲು ಎದುರು ದಿಕ್ಕಿಗೆ ಮಡಚಿ ಚಪ್ಪಟೆ ಮಾಡಿ, ಒಂದೊಂದೇ ಹಾಳೆ ಹಾಕಿ. ಮುಂದಿನ ಟ್ರೇಗೆ ಅದರದ್ದೇ ಅನುಕೂಲ ಇದೆ, ಮುಚ್ಚಿರುವುದರಿಂದ ಧೂಳು ಕೂರುವುದಿಲ್ಲ. ಹಿಂದಿನ ಟ್ರೇಯಲ್ಲಿ ಹಾಳೆ ಬಿಟ್ಟರೆ ಧೂಳು ರೋಲರ್‌ಗೆ ಹತ್ತಿ, ಸ್ವಲ್ಪ ಕಾಲದಲ್ಲೇ ಹಾಳೆ ಜಾರತೊಡಗುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಕಾಗದ ತೇವ ಹೀರಿ ಎರಡೆರಡು ಹಾಳೆ ಅಂಟಿ ಬರುತ್ತವೆ. ರೀಮನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ಬೇಕಾದ ಇಪ್ಪತ್ತು ಹಾಳೆ ಮಾತ್ರ ಹೊರಗೆ ತೆಗೆಯಿರಿ. ದಿನಬಳಕೆಗೆ 75 ಜಿಎಸ್‌ಎಂ (ಚದರ ಮೀಟರ್‌ಗೆ 75 ಗ್ರಾಂ ತೂಗುವ) ಕಾಗದ ಸಾಕು.

ಲ್ಯಾಪ್‌ಟಾಪಿಗೆ ಜೋಡಿಸುವ ವಿಷಯ. ಪ್ರಿಂಟರ್‌ಗಳ ಹಿಂಭಾಗದಲ್ಲಿರುವುದು ಚೌಕಾಕಾರದ ಯುಎಸ್‌ಬಿ ಟೈಪ್-ಬಿ. ಹೊಸ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಬರೀ ಟೈಪ್-ಸಿ ಇರುತ್ತದೆ. ಅಡಾಪ್ಟರ್ ಬದಲು ಸಿ-ಬಿ ಕೇಬಲ್ ಒಂದನ್ನೇ ಕೊಳ್ಳಿ. 5 ಮೀಟರ್‌ಗಿಂತ ಉದ್ದದ್ದು ಬೇಡ. ವೈ-ಫೈ ಇರುವ ಅಗ್ಗದ ಮಾದರಿಗಳಲ್ಲಿ ಬಹಳಷ್ಟು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ. ನಿಮ್ಮ ರೌಟರ್ 2.4 ಮತ್ತು 5 ಎರಡಕ್ಕೂ ಒಂದೇ ಹೆಸರು ಕೊಟ್ಟಿದ್ದರೆ ಸೆಟಪ್ ಸಮಯದಲ್ಲಿ ಪ್ರಿಂಟರ್ ಸಿಗದೆ ಹೋಗಬಹುದು. ಆಗ 5ನ್ನು ಸ್ವಲ್ಪ ಹೊತ್ತು ಆರಿಸಿ, ಜೋಡಿಸಿದ ಮೇಲೆ ಮತ್ತೆ ಹಾಕಿ. ಗೆಸ್ಟ್ ನೆಟ್‌ವರ್ಕ್‌ನಲ್ಲಿ ಪ್ರಿಂಟರ್ ಇಡಬೇಡಿ, ಅಲ್ಲಿ ಸಾಮಾನ್ಯವಾಗಿ ಒಂದು ಉಪಕರಣಕ್ಕೆ ಇನ್ನೊಂದು ಕಾಣುವುದಿಲ್ಲ.

ನಿನ್ನೆ ಕೆಲಸ ಮಾಡಿದ ಪ್ರಿಂಟರ್ ಇವತ್ತು ‘ಆಫ್‌ಲೈನ್’ ಎನ್ನುವುದಕ್ಕೆ ಬಹಳ ಸಲ ಕಾರಣ, ಕರೆಂಟ್ ಹೋಗಿ ಬಂದಾಗ ರೌಟರ್ ಅದಕ್ಕೆ ಬೇರೆ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಗುರುತಿಸುವ ಸಂಖ್ಯೆ) ಕೊಟ್ಟಿರುವುದು. ರೌಟರ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಪ್ರಿಂಟರ್‌ನ ಮ್ಯಾಕ್ ವಿಳಾಸಕ್ಕೆ (ಯಂತ್ರದ ಬದಲಾಗದ ಗುರುತಿನ ಸಂಖ್ಯೆಗೆ) ಒಂದು ಐಪಿಯನ್ನು ಕಾಯ್ದಿರಿಸಿ, ಆಮೇಲೆ ವಿಂಡೋಸ್‌ನಲ್ಲಿ ಅದೇ ಐಪಿ ಹಾಕಿ ಪ್ರಿಂಟರನ್ನು ಹೊಸದಾಗಿ ಸೇರಿಸಿ. ಕಾಟ ಅಲ್ಲಿಗೆ ನಿಲ್ಲುತ್ತದೆ.

ಡ್ರೈವರ್, ಅಂದರೆ ಲ್ಯಾಪ್‌ಟಾಪ್ ಪ್ರಿಂಟರನ್ನು ನಡೆಸಲು ಬಳಸುವ ತಂತ್ರಾಂಶದ ವಿಷಯದಲ್ಲಿ ಮುಂದಿನ ಐದಾರು ವರ್ಷ ಯೋಚಿಸಿ ಕೊಳ್ಳಿ. ಕಂಪನಿಗಳ ಪ್ರತ್ಯೇಕ ಡ್ರೈವರ್‌ಗಳಿಗೆ ಕೊಡುವ ಬೆಂಬಲವನ್ನು ಹಂತಹಂತವಾಗಿ ಮುಗಿಸುವುದಾಗಿ ಮೈಕ್ರೋಸಾಫ್ಟ್ 2023ರಲ್ಲೇ ಪ್ರಕಟಿಸಿದೆ. ಪೆಟ್ಟಿಗೆಯ ಮೇಲೆ ಏರ್‌ಪ್ರಿಂಟ್ ಅಥವಾ ಮೊಪ್ರಿಯಾ ಗುರುತು ಇದ್ದರೆ ವಿಂಡೋಸ್, ಮ್ಯಾಕ್, ಲಿನಕ್ಸ್, ಕ್ರೋಮ್‌ಬುಕ್ ಎಲ್ಲದರಲ್ಲೂ ಕಂಪನಿಯ ಡ್ರೈವರ್ ಇಲ್ಲದೆಯೇ ಕೆಲಸ ಆಗುವ ಸಾಧ್ಯತೆ ಹೆಚ್ಚು. ಎಲ್ಲ ಲೆಕ್ಕವನ್ನೂ ಲ್ಯಾಪ್‌ಟಾಪಿನ ಮೇಲೆ ಹಾಕಿ ತಾನು ಬರೀ ಅಚ್ಚು ಒತ್ತುವ ಹಳೆಯ ಲೇಸರ್‌ಗಳು ಗಟ್ಟಿಮುಟ್ಟಾಗಿವೆ. ಕ್ಯಾನನ್ ಎಲ್‌ಬಿಪಿ2900, ಎಚ್‌ಪಿ ಎಂ1005 ಈ ಜಾತಿಯವು. ಇವಕ್ಕೆ ಟೋನರ್ ಪುಡಿ ತುಂಬಿಸಿಕೊಡುವವರು ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ತನಕ ಸಿಗುತ್ತಾರೆ. ಆದರೆ ನಿಮ್ಮದು ಸ್ನ್ಯಾಪ್‌ಡ್ರ್ಯಾಗನ್ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪ್ ಆಗಿದ್ದರೆ ಅವನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವ ಮೊದಲು ಆ ಚಿಪ್ಪಿಗೆ ಡ್ರೈವರ್ ಇದೆಯೇ ಎಂದು ಖಚಿತ ಮಾಡಿಕೊಳ್ಳಿ. ಇಂಟೆಲ್‌ಗೆಂದು ಬರೆದ ಹಳೆಯ ಡ್ರೈವರ್ ಅಲ್ಲಿ ಕೂರುವುದಿಲ್ಲ.

ಕನ್ನಡ ಕಡತಗಳದ್ದೇ ಒಂದು ಮಾತು. ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಬರೆದದ್ದನ್ನು ಆ ಫಾಂಟ್ ಇಲ್ಲದ ಲ್ಯಾಪ್‌ಟಾಪಿನಲ್ಲೋ ಫೋನಿನಲ್ಲೋ ತೆರೆದು ಪ್ರಿಂಟ್ ಕೊಟ್ಟರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ತಪ್ಪು ಪ್ರಿಂಟರ್‌ನದಲ್ಲ. ಬರೆದ ಯಂತ್ರದಲ್ಲೇ ಫಾಂಟ್ ಒಳಗೊಂಡ ಪಿಡಿಎಫ್ ಮಾಡಿಕೊಂಡು ಕಳಿಸಿ. ಪಹಣಿಯಂತಹ ಸಣ್ಣ ಅಕ್ಷರದ ಪುಟಕ್ಕೆ ಡ್ರಾಫ್ಟ್ ಮೋಡ್ ಬಳಸಬೇಡಿ, ಒತ್ತಕ್ಷರಗಳು ಮಸುಕಾಗಿ ಸರ್ವೆ ನಂಬರಿನ ಪಕ್ಕದ ಹೆಸರೇ ಓದಲಾಗದೆ ಹೋಗುತ್ತದೆ.

ಈಗ ಸ್ಕ್ಯಾನರ್. ಜನ ಇದರ ಬಗ್ಗೆ ಯೋಚಿಸುವುದೇ ಕಡಿಮೆ, ಆಮೇಲೆ ಕೊರಗುವುದು ಇದಕ್ಕೇ. ಆಲ್-ಇನ್-ಒನ್ ಯಂತ್ರಗಳ ಗಾಜು ಎ4 ಅಳತೆಯದು: 216×297 ಮಿ.ಮೀ. ನಮ್ಮ ಮನೆಗಳಲ್ಲಿರುವ ಕ್ರಯಪತ್ರ, ವಿಭಾಗಪತ್ರ, ಛಾಪಾ ಕಾಗದಗಳಲ್ಲಿ ಬಹಳಷ್ಟು ಲೀಗಲ್ ಅಳತೆಯವು: 216×356. ಸುಮಾರು 6 ಸೆಂ.ಮೀ. ಹೊರಗೇ ಉಳಿಯುತ್ತದೆ, ಸಹಿ ಇರುವುದೂ ಅಲ್ಲೇ. ದಾರಿ ಎರಡು. ಮೊದಲನೆಯದು, ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ ಸ್ಕ್ಯಾನ್ ಮಾಡಿ ಎರಡನ್ನೂ ಒಂದೇ ಪಿಡಿಎಫ್‌ನಲ್ಲಿ ಇಡುವುದು. ನಡುವಿನ ಭಾಗ ಎರಡರಲ್ಲೂ ಇರುವುದರಿಂದ ಹೊಂದಿಸಿ ಓದಬಹುದು. ಎರಡನೆಯದು, ಮೇಲೆ ಎಡಿಎಫ್ ಇರುವ, ಅಂದರೆ ಹಾಳೆಗಳನ್ನು ತಾನೇ ಎಳೆದುಕೊಳ್ಳುವ ಮಾದರಿ ಕೊಳ್ಳುವುದು. ವಿವರ ಪಟ್ಟಿಯಲ್ಲಿ ಎಡಿಎಫ್‌ನ ಗರಿಷ್ಠ ಅಳತೆ 215.9×355.6 ಎಂದಿದೆಯೇ ನೋಡಿ. ಪಿನ್ನು, ದಾರ ಬಿಚ್ಚದೆ ಎಡಿಎಫ್‌ಗೆ ಹಾಕಬೇಡಿ. ಅಜ್ಜನ ಕಾಲದ ಮಾಸಿದ, ಅಂಚು ಉದುರುವ ಪತ್ರವನ್ನಂತೂ ಯಾವ ಕಾರಣಕ್ಕೂ ಹಾಕಬೇಡಿ. ಅದಕ್ಕೆ ಗಾಜೇ ಸರಿ.

ಎಡಿಎಫ್‌ನಲ್ಲಿ ತೆಗೆದ ಪುಟಗಳ ಮೇಲೆಲ್ಲ ಉದ್ದಕ್ಕೆ ಒಂದು ಗೆರೆ ಬರುತ್ತಿದ್ದರೆ, ದೊಡ್ಡ ಗಾಜಿನ ಪಕ್ಕದಲ್ಲಿರುವ ಸಣ್ಣ ಗಾಜಿನ ಪಟ್ಟಿಯನ್ನು ನೋಡಿ. ಅಲ್ಲಿ ಸಾಸಿವೆಗಿಂತ ಚಿಕ್ಕ ಒಂದು ಕಲೆ ಇರುತ್ತದೆ. ಹಾಳೆ ಅದರ ಮೇಲೆ ಚಲಿಸುವುದರಿಂದ ಚುಕ್ಕೆಯೇ ಗೆರೆಯಾಗುತ್ತದೆ. ಸ್ವಲ್ಪ ತೇವದ ಮೆತ್ತನೆ ಬಟ್ಟೆಯಿಂದ ಒರೆಸಿದರೆ ಮುಗಿಯಿತು.

ಪ್ರತ್ಯೇಕ ಸ್ಕ್ಯಾನರ್ ಬೇಕಾಗುವುದು ಹಳೆಯ ಫೋಟೋ, ಪುಸ್ತಕ ಇರುವವರಿಗೆ. ಕ್ಯಾನನ್ ಲೈಡ್ 300, ಲೈಡ್ 400ರಂಥವು ತೆಳ್ಳಗಿದ್ದು, ಯುಎಸ್‌ಬಿಯಿಂದಲೇ ಕರೆಂಟ್ ಪಡೆಯುತ್ತವೆ, ಮೇಜಿನ ಡ್ರಾಯರ್‌ನಲ್ಲಿ ಇಡಬಹುದು. ಇವನ್ನು ನೇರ ಲ್ಯಾಪ್‌ಟಾಪಿಗೇ ಚುಚ್ಚಿ, ಸಾಧಾರಣ ಹಬ್‌ನಲ್ಲಿ ಕರೆಂಟ್ ಸಾಲದೆ ಅರ್ಧಕ್ಕೆ ನಿಲ್ಲುತ್ತವೆ. ಇವುಗಳ ಒಳಗಿರುವುದು ಸಿಐಎಸ್ ಸೆನ್ಸರ್. ಗಾಜಿಗೆ ಅಂಟಿದಂತಿರುವುದು ಮಾತ್ರ ಅದಕ್ಕೆ ಸ್ಪಷ್ಟ, ಒಂದೆರಡು ಮಿ.ಮೀ. ಮೇಲೆದ್ದರೂ ಮಸುಕು. ದಪ್ಪ ಪುಸ್ತಕದ ಬೆನ್ನಿನ ಹತ್ತಿರದ ಸಾಲುಗಳು ಹೀಗಾಗಿಯೇ ಕಲಸಿ ಬರುತ್ತವೆ. ಹಳೆಯ ದಪ್ಪ ಮಾದರಿಗಳಲ್ಲೂ ಎಪ್ಸನ್ ವಿ600ರಂತಹ ಫಿಲ್ಮ್ ಸ್ಕ್ಯಾನರ್‌ಗಳಲ್ಲೂ ಇರುವ ಸಿಸಿಡಿ ಸೆನ್ಸರ್‌ಗೆ ಆ ತೊಂದರೆ ಕಡಿಮೆ. ಫೋಟೋ ನೆಗೆಟಿವ್ ಇದ್ದವರಿಗೆ ಅಂಥದ್ದೇ ಬೇಕು.

ಜಾಹೀರಾತಿನ 4800, 9600 ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ) ನೋಡಿ ಮರುಳಾಗಬೇಡಿ. ‘ಆಪ್ಟಿಕಲ್’ ಎಂದು ಬರೆದ ಸಂಖ್ಯೆಯೇ ನಿಜವಾದದ್ದು. ಕಾಗದಪತ್ರಕ್ಕೆ 300, ಫೋಟೋಗೆ 600 ಸಾಕು. ಎ4 ಹಾಳೆಯನ್ನು 300ರಲ್ಲಿ ಬಣ್ಣದಲ್ಲಿ ತೆಗೆದರೆ ಕುಗ್ಗಿಸದ ಚಿತ್ರ ಸುಮಾರು 26 ಎಂಬಿ, 600ರಲ್ಲಿ 104 ಎಂಬಿ. ಇಂಗ್ಲಿಷ್ ಪುಟವನ್ನು 200ರಲ್ಲಿ ತೆಗೆದರೂ ಓಸಿಆರ್, ಅಂದರೆ ಚಿತ್ರದಲ್ಲಿರುವ ಅಕ್ಷರ ಗುರುತಿಸುವ ತಂತ್ರಾಂಶ, ಹೇಗೋ ಓದಿಬಿಡುತ್ತದೆ, ಕನ್ನಡಕ್ಕೆ 300ಕ್ಕಿಂತ ಇಳಿಯಬೇಡಿ. 10 ಪಾಯಿಂಟ್ ಅಕ್ಷರಕ್ಕೆ 300 ಡಿಪಿಐನಲ್ಲಿ ಸಿಗುವ ಎತ್ತರ ಸುಮಾರು 42 ಪಿಕ್ಸೆಲ್. ಒತ್ತಕ್ಷರದ ಪಾಲಿಗೆ ಅದರಲ್ಲಿ ಅರ್ಧವೂ ಇಲ್ಲ. ರ-ಠ ನಡುವಿನ ಚುಕ್ಕೆ, ದ-ಧ ನಡುವಿನ ಸೀಳು, ಪ-ಫ ನಡುವಿನ ಸೀಳು ಎಲ್ಲ ಬೆರಳೆಣಿಕೆಯ ಪಿಕ್ಸೆಲ್‌ಗಳಲ್ಲಿ ಉಳಿಯಬೇಕು. 150ಕ್ಕೆ ಇಳಿಸಿದರೆ ಅವು ಅಳಿಸಿಯೇ ಹೋಗುತ್ತವೆ, ಆಮೇಲೆ ಯಾವ ತಂತ್ರಾಂಶವೂ ಅವನ್ನು ಮರಳಿ ತರಲಾರದು. ಓಸಿಆರ್ ಮಾಡುವ ಟೆಸರಾಕ್ಟ್ ಮತ್ತು ಗೂಗಲ್ ಡ್ರೈವ್ ಎರಡೂ ಕನ್ನಡ ಓದುತ್ತವೆ. ಎನ್‌ಎಪಿಎಸ್2 ಎಂಬ ಉಚಿತ ತಂತ್ರಾಂಶ ಸ್ಕ್ಯಾನ್, ಪಿಡಿಎಫ್, ಓಸಿಆರ್ ಮೂರನ್ನೂ ಮಾಡುತ್ತದೆ, ಕಂಪನಿಯ ಭಾರದ ತಂತ್ರಾಂಶಗಳಿಗಿಂತ ಇದನ್ನೇ ಮೆಚ್ಚುತ್ತೇನೆ.

ತೆಳು ಕಾಗದದ ಹಿಂಬದಿಯ ಅಕ್ಷರ ಮೂಡಿ ಬಂದರೆ ಹಾಳೆಯ ಹಿಂದೆ ಒಂದು ಕಪ್ಪು ಹಾಳೆ ಇಟ್ಟು ಸ್ಕ್ಯಾನ್ ಮಾಡಿ. ಪತ್ರಿಕೆಯ ಚಿತ್ರಗಳಲ್ಲಿ ಜಾಲರಿಯಂತಹ ಗೆರೆ ಕಂಡರೆ ‘ಡಿಸ್ಕ್ರೀನ್’ ಆಯ್ಕೆ ಹಾಕಿ. ಮೊಹರು, ಸಹಿ ಇರುವ ಪತ್ರವನ್ನು ಬ್ಲ್ಯಾಕ್ ಅಂಡ್ ವೈಟ್‌ನಲ್ಲಿ ತೆಗೆದರೆ ನೇರಳೆ ಮೊಹರು ಅರ್ಧ ಮಾಯವಾಗುತ್ತದೆ. ಬಣ್ಣದಲ್ಲೇ ತೆಗೆದು, ಅರ್ಜಿಯ ಜಾಲತಾಣ ಕೇಳುವ ಕೆಬಿ ಮಿತಿಗೆ ಆಮೇಲೆ ಕುಗ್ಗಿಸಿ. ಮೂಲ ಕಡತವನ್ನು ಹಾಗೇ ಉಳಿಸಿಕೊಳ್ಳಿ. ಆಧಾರ್ ಕಾರ್ಡಿನ ಎರಡೂ ಬದಿಯನ್ನು ಒಂದೇ ಹಾಳೆಯಲ್ಲಿ ತೆಗೆಯುವ ‘ಐಡಿ ಕಾಪಿ’ ಗುಂಡಿ ಇರುವ ಯಂತ್ರ ಸಿಕ್ಕರೆ ಮನೆಯ ಹಿರಿಯರಿಗೆ ಬಹಳ ಅನುಕೂಲ, ಲ್ಯಾಪ್‌ಟಾಪ್ ತೆರೆಯದೆಯೇ ಕೆಲಸ ಆಗುತ್ತದೆ.

ಇಂಕ್ ಟ್ಯಾಂಕ್ ತಂದವರು ಪಾಲಿಸಬೇಕಾದದ್ದರಲ್ಲಿ ಮುಖ್ಯವಾದದ್ದು ಆರಿಸುವ ಕ್ರಮ. ಗೋಡೆಯ ಸ್ವಿಚ್ಚನ್ನು ನೇರ ಆರಿಸಬೇಡಿ. ಮೊದಲು ಯಂತ್ರದ ಗುಂಡಿ ಒತ್ತಿ, ಹೆಡ್ ತನ್ನ ಜಾಗಕ್ಕೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂತು ದೀಪ ಆರಲಿ, ಆಮೇಲೆ ಗೋಡೆಯದು. ಹಾಗೆ ಮಾಡದಿದ್ದರೆ ಹೆಡ್ ತೆರೆದುಕೊಂಡೇ ಉಳಿದು ಒಣಗುತ್ತದೆ. ಹತ್ತು ದಿನಕ್ಕೊಮ್ಮೆ ನಾಲ್ಕೂ ಬಣ್ಣ ಇರುವ ಒಂದು ಪುಟ ತೆಗೆಯಿರಿ. ಅಕ್ಷರದಲ್ಲಿ ಬಿಳಿ ಗೆರೆ ಕಂಡರೆ ಮೊದಲು ನಾಝಲ್ ಚೆಕ್ (ರಂಧ್ರಗಳ ಪರೀಕ್ಷೆ), ಆಮೇಲೆ ಹೆಡ್ ಕ್ಲೀನಿಂಗ್. ಮೂರು ಸಲ ಮಾಡಿಯೂ ಸರಿಹೋಗದಿದ್ದರೆ ನಿಲ್ಲಿಸಿ, ಯಂತ್ರ ಆರಿಸಿ ಹನ್ನೆರಡು ಗಂಟೆ ಬಿಟ್ಟು ಮತ್ತೆ ನೋಡಿ. ಕ್ಲೀನಿಂಗ್‌ನಲ್ಲಿ ಹೋಗುವ ಶಾಯಿ ಒಳಗಿನ ಪ್ಯಾಡಿಗೆ ಇಂಗುತ್ತದೆ. ಆ ಪ್ಯಾಡ್ ತುಂಬಿದೆ ಎಂದು ಯಂತ್ರದ ಲೆಕ್ಕ ಹೇಳಿದ ದಿನ ಪ್ರಿಂಟ್ ನಿಂತುಹೋಗುತ್ತದೆ. ಎಲ್3250ರಲ್ಲಿ ಅದಕ್ಕೆ ಸರ್ವಿಸ್ ಸೆಂಟರಿಗೇ ಹೋಗಬೇಕು. ನಾವೇ ಬದಲಿಸಬಹುದಾದ ಮೇಂಟೆನೆನ್ಸ್ ಬಾಕ್ಸ್ ಇರುವ ಮಾದರಿಗೆ ಬೆಲೆ ಸ್ವಲ್ಪ ಹೆಚ್ಚು, ಸರ್ವಿಸ್ ದೂರವಿರುವ ಊರಿನವರು ಅದನ್ನೇ ನೋಡಿ. ಮನೆ ಬದಲಿಸುವಾಗ ಟ್ಯಾಂಕಿನ ಮುಚ್ಚಳ ಬಿಗಿ ಮಾಡಿ, ಯಂತ್ರವನ್ನು ಮಟ್ಟಸವಾಗಿಯೇ ಒಯ್ಯಿರಿ. ಅಡ್ಡ ಮಲಗಿಸಿದರೆ ಶಾಯಿ ಚೆಲ್ಲುವುದಲ್ಲದೆ ಕೊಳವೆಗಳಿಗೆ ಗಾಳಿ ಸೇರುತ್ತದೆ.

ಅಂಗಡಿಗೆ ಹೋಗುವಾಗ ಪೆನ್‌ಡ್ರೈವ್‌ನಲ್ಲಿ ಎರಡು ಕಡತ ಒಯ್ಯಿರಿ: ಸಣ್ಣ ಅಕ್ಷರದ ಕನ್ನಡ ಪಿಡಿಎಫ್ ಒಂದು, ಮುಖ ಇರುವ ಫೋಟೋ ಒಂದು. ಜೊತೆಗೆ ಮನೆಯಲ್ಲಿರುವ ಲೀಗಲ್ ಪತ್ರವೊಂದರ ಜೆರಾಕ್ಸ್ ಪ್ರತಿ. ಡೆಮೊ ಯಂತ್ರದಲ್ಲಿ ಮೊದಲೆರಡನ್ನು ತೆಗೆಸಿ, ಅಕ್ಷರದ ಮೇಲೆ ಒದ್ದೆ ಬೆರಳು ಎಳೆಯಿರಿ. ಮೂರನೆಯದನ್ನು ಗಾಜಿನ ಮೇಲಿಟ್ಟು, ಸಹಿ ಎಲ್ಲಿ ಬೀಳುತ್ತದೆ ನೋಡಿ. ಬಿಲ್ ಮಾಡಿಸುವಾಗ ವಾರಂಟಿ ತಿಂಗಳ ಲೆಕ್ಕದ್ದೋ ಪುಟದ ಲೆಕ್ಕದ್ದೋ ಕೇಳಿ. ಬಹಳಷ್ಟು ಮಾದರಿಗಳಲ್ಲಿ ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದೇ ಕೊನೆ.